ಹೋಬಳಿಯ ಶಾಲೆ ಮತ್ತು ನೆರೆಯವರ ಹಬ್ಬಗಳು



“ನಮ್ಮ ಮಗುವಿಗೆ ನಮ್ಮ ಧರ್ಮವೇ ಇನ್ನೂ ಸರಿಯಾಗಿ ತಿಳಿಯದು, ಅಷ್ಟರಲ್ಲಿಯೇ ಅನ್ಯರ ಹಬ್ಬಗಳ ಪಾಠವೇಕೆ?” ಎಂದು ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಕಳುಹಿಸುವ ಹಿರಿಯರು ಕೇಳುವುದುಂಟು. ಇದು ನಕ್ಕು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ನಿಷ್ಠೆಯುಳ್ಳವರ ಮನಸ್ಸಿನಿಂದಲೇ ಹುಟ್ಟಿದ ಪ್ರಶ್ನೆ. ಇದಕ್ಕೆ ನಮ್ಮ ನಾಡಿನ ಇತಿಹಾಸವು ಏನು ಉತ್ತರ ಕೊಡುತ್ತದೆಂಬುದನ್ನು ಒಂದು ಹೋಬಳಿಯ ಊರಿನಲ್ಲಿ ನಿಂತು ನೋಡೋಣ.

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯು ಅಂಥ ಒಂದು ಹೋಬಳಿ ಕೇಂದ್ರ. ಪ್ರಸಿದ್ಧವಾದ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವು ಈ ಹೋಬಳಿಗೇ ಸೇರಿದುದು. ಅಲ್ಲಿಯ ಗರ್ಭಗುಡಿಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾದ ನರಸಿಂಹನೂ ಒಂದೇ ಶಿಲೆಯಲ್ಲಿದ್ದಾರೆ. ಹಿಂದಿರುವ ನರಸಿಂಹನ ದರ್ಶನವನ್ನು ಭಕ್ತರು ಕನ್ನಡಿಯಲ್ಲಿ ಪಡೆಯುತ್ತಾರೆ. ಶಿವಕುಮಾರನನ್ನೂ ವಿಷ್ಣುವಿನ ಅವತಾರವನ್ನೂ ಒಂದೇ ಕಲ್ಲಿನಲ್ಲಿ ಕಂಡ ಮಗುವಿಗೆ ‘ಅನ್ಯ’ ಎಂಬ ಮಾತಿನ ಮೊದಲ ಪಾಠವು ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದಲ್ಲಿಯೇ ಆಗಿಹೋಗಿರುತ್ತದೆ.

ತಾಲ್ಲೂಕು ಕೇಂದ್ರವಾದ ದೊಡ್ಡಬಳ್ಳಾಪುರವು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸುಲ್ತಾನರಿಗೂ ಅನಂತರ ಮೊಗಲರ ಸಿರಾ ಸುಬಾಕ್ಕೂ ಅಧೀನವಾಗಿದ್ದು, 1761ರಲ್ಲಿ ಹೈದರನ ವಶವಾಯಿತು. ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಕಾಲದ ಮಾನ್ಯಪುರ. ಅಲ್ಲಿ ಎಂಟನೆಯ ಶತಮಾನದ ಕೊನೆಯಲ್ಲಿ ದೊರೆ ಮಾರಸಿಂಹನ ಸೇನಾಧಿಪತಿ ಶ್ರೀವಿಜಯನು ಜಿನಾಲಯವನ್ನು ಕಟ್ಟಿಸಿದನು. ಅದೇ ತಾಲ್ಲೂಕಿನ ಶಿವಗಂಗೆ ಶೈವರ ಪುಣ್ಯಗಿರಿ. ಹೀಗೆ ಈ ಸೀಮೆಯಲ್ಲಿ ಹಲವು ಧರ್ಮಗಳು ನಿನ್ನೆ ಮೊನ್ನೆ ಬಂದು ನೆಲೆಸಿದವಲ್ಲ. ಅವುಗಳ ಪರಿಚಯವೆಂದರೆ ಊರಿನ ಪರಿಚಯವೇ ಸರಿ.

ಇನ್ನು ಶಾಲೆಯ ಮಾತು. ಸರ್ಕಾರಿ ಶಾಲೆಗಳು ಬರುವ ಮುನ್ನ ಹಳ್ಳಿಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿದ್ದು ಕೂಲಿಮಠಗಳಲ್ಲಿ. ಓದಿನ ಮನೆಗೆ ‘ಮಠ’ ಎಂದೇ ಹೆಸರಿದ್ದಿತೆಂಬುದನ್ನು ನಾವು ಮರೆಯಬಾರದು. ಮಹಾನವಮಿ ಬಂದಿತೆಂದರೆ ಐಗಳು ತಮ್ಮ ಶಿಷ್ಯರನ್ನು ಕರೆದುಕೊಂಡು ಚೌಪದಗಳನ್ನು ಹಾಡಿಸುತ್ತ ಮನೆಮನೆಗೂ ಹೋಗುತ್ತಿದ್ದರು. ಮನೆಯವರು ಕೊಟ್ಟ ಕಾಣಿಕೆ ಗುರುವಿಗೆ ಸಲ್ಲುತ್ತಿತ್ತು. ಹಬ್ಬವು ಶಾಲೆಗೆ ರಜೆಯಷ್ಟೇ ಆಗಿರದೆ ಶಾಲೆಯನ್ನು ಊರಿಗೆ ಬೆಸೆಯುವ ಸಂದರ್ಭವೂ ಆಗಿತ್ತು.

1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಆರಂಭವಾದವು. 1908ರಲ್ಲಿ ಸಂಸ್ಥಾನದ ಸರ್ಕಾರವು ಶಾಲೆಗಳಲ್ಲಿ ಧಾರ್ಮಿಕ ಹಾಗೂ ನೈತಿಕ ಶಿಕ್ಷಣವನ್ನು ಜಾರಿಗೆ ತಂದಿತು. ಸ್ವಾತಂತ್ರ್ಯಾನಂತರ ಈ ನೀತಿಯು ಬದಲಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ವಿಧಿಯು, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆ ಕೂಡದೆಂದಿತು. ಅನುದಾನಿತ ಶಾಲೆಗಳಲ್ಲಿಯೂ ಪಾಲಕರ ಸಮ್ಮತಿಯಿಲ್ಲದೆ ಬಾಲಕನನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ.

ಹಾಗಾದರೆ ಧರ್ಮದ ಹೆಸರನ್ನೇ ಶಾಲೆಯಲ್ಲಿ ಎತ್ತಬಾರದೆ? ಈ ಪ್ರಶ್ನೆಯನ್ನು ತಜ್ಞರು ಮತ್ತೆ ಮತ್ತೆ ವಿಚಾರಿಸಿದ್ದಾರೆ. 1959ರಲ್ಲಿ ನೇಮಕಗೊಂಡ ಶ್ರೀಪ್ರಕಾಶ ಸಮಿತಿಯು, ಎಲ್ಲ ಧರ್ಮಗಳ ಪ್ರವಾದಿಗಳ ಮತ್ತು ಸಂತರ ಸರಳ ಕಥೆಗಳು ಪ್ರಾಥಮಿಕ ಶಾಲೆಯ ಭಾಷಾಪಾಠಗಳಲ್ಲಿ ಇರಬೇಕೆಂದು ಸಲಹೆಯಿತ್ತಿತು. 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗವು ಒಂದು ಧರ್ಮದ ಬೋಧೆಯೇ ಬೇರೆ, ಧರ್ಮಗಳ ಬಗೆಗಿನ ತಿಳಿವಳಿಕೆಯೇ ಬೇರೆ ಎಂದು ವಿಂಗಡಿಸಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಧರ್ಮಗಳನ್ನು ಕುರಿತ ಅಧ್ಯಯನಕ್ಕೆ 28ನೆಯ ವಿಧಿಯು ಅಡ್ಡಿಯಲ್ಲವೆಂದು ತೀರ್ಪಿತ್ತಿತು. ‘ಇದನ್ನು ನಂಬು’ ಎನ್ನುವುದು ಬೋಧೆ. ‘ನಿನ್ನ ನೆರೆಯವನು ಇದನ್ನು ನಂಬುತ್ತಾನೆ’ ಎನ್ನುವುದು ತಿಳಿವಳಿಕೆ. ಮೊದಲನೆಯದು ಮನೆಗೂ ಗುರುಪೀಠಕ್ಕೂ ಸೇರಿದ್ದು. ಎರಡನೆಯದು ಶಾಲೆಯ ಕರ್ತವ್ಯ.

ಈ ತಿಳಿವಳಿಕೆ ಇಲ್ಲದಿದ್ದರೆ ಆಗುವ ಕೊರತೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಂ ಆಚರಣೆಗೆ ‘ಬಾಬಯ್ಯನ ಹಬ್ಬ’ ಎಂಬ ಹೆಸರುಂಟು. ಹಿಂದೂಗಳೂ ಹರಕೆ ಹೊತ್ತು, ಹುಲಿವೇಷ ಹಾಕಿ ಅದರಲ್ಲಿ ಸೇರಿದ್ದುಂಟು. ಇದು ಸೌಹಾರ್ದದ ಗುರುತು, ಸಂದೇಹವಿಲ್ಲ. ಆದರೆ ಕ್ರಿ.ಶ. 680ರಲ್ಲಿ ಕರ್ಬಲಾ ಮೈದಾನದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಹತರಾದುದರ ಶೋಕಸ್ಮರಣೆ ಅದೆಂಬುದು ಎಷ್ಟು ಮಂದಿಗೆ ಗೊತ್ತು? ತಿಳಿಯದ ಬಾಲಕನು ಅಂದು ತನ್ನ ಗೆಳೆಯನಿಗೆ ಶುಭಾಶಯ ಹೇಳಿಬಿಡುತ್ತಾನೆ. ಕ್ರೈಸ್ತರು ಯೇಸುವಿನ ಮರಣವನ್ನು ನೆನೆಯುವ ಶುಭ ಶುಕ್ರವಾರವೂ ಅಂಥದೇ. ಪ್ರೀತಿಯಿದ್ದರಷ್ಟೇ ಸಾಲದು, ಅರಿವೂ ಬೇಕು.

ಇದೇ ಮಾತು ನಮಗೂ ಅನ್ವಯಿಸುತ್ತದೆ. ಶಾಲೆಯಲ್ಲಿ ನಮ್ಮ ಮಗುವಿನ ಕೊರಳಿನ ಕರಡಿಗೆಯನ್ನು ಕಂಡು, “ಇದರಲ್ಲೇನಿದೆ?” ಎಂದು ಪಕ್ಕದ ಬಾಲಕನು ಕೇಳುತ್ತಾನೆ. ಅನ್ಯರ ದೃಷ್ಟಿಯಲ್ಲಿ ನಾವೂ ಅನ್ಯರೇ ಅಲ್ಲವೆ? ಇಷ್ಟಲಿಂಗದ ಅರ್ಥವನ್ನು ವಿನಯದಿಂದ ಹೇಳಬಲ್ಲ ಮಗುವು ತನ್ನ ಧರ್ಮವನ್ನು ಎರಡು ಸಾರಿ ಕಲಿತಂತಾಗುತ್ತದೆ: ಮನೆಯಲ್ಲಿ ಕೇಳಿ ಒಮ್ಮೆ, ಗೆಳೆಯನಿಗೆ ಹೇಳಿ ಇನ್ನೊಮ್ಮೆ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮತ್ತು ಮೃತ್ಯುಂಜಯ ಸ್ವಾಮಿಗಳು ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದರು. ಬಸವಣ್ಣನವರು ನಮ್ಮ ಮನೆಯವರಿಗಷ್ಟೇ ಅಲ್ಲ, ನಾಡಿಗೆಲ್ಲ ತಿಳಿಯಬೇಕೆಂದು ಬಯಸುವ ನಾವು ಇತರರ ಹಿರಿಯರನ್ನು ತಿಳಿಯಲಾರೆವೆಂದರೆ ಅದು ನ್ಯಾಯವಾಗದು.

ಹಬ್ಬಗಳ ಪಾಠದಲ್ಲಿ ಲೆಕ್ಕದ ಪಾಠವೂ ಅಡಗಿದೆ. ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದೇಕೆ? ಇಸ್ಲಾಮೀ ವರ್ಷವು ಶುದ್ಧ ಚಾಂದ್ರಮಾನದ್ದು, ಸುಮಾರು 354 ದಿನಗಳದು. ಆದುದರಿಂದ ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ 33 ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ನಮ್ಮ ಪಂಚಾಂಗವೂ ಚಂದ್ರನನ್ನೇ ಅನುಸರಿಸುವುದಾದರೂ ನಡುನಡುವೆ ಅಧಿಕಮಾಸವನ್ನು ಸೇರಿಸಿ ಸೂರ್ಯನಿಗೆ ಹೊಂದಿಕೊಳ್ಳುವುದರಿಂದ ಯುಗಾದಿಯು ವಸಂತವನ್ನು ಬಿಟ್ಟು ಕದಲದು. ಕ್ರಿಸ್ಮಸ್ ಸೌರಗಣನೆಯದಾಗಿ ಡಿಸೆಂಬರ್ 25ಕ್ಕೇ ಬರುತ್ತದೆ. ವೈಶಾಖದ ತದಿಗೆಯಂದು ಬಸವ ಜಯಂತಿಯಾದರೆ ಅದೇ ತಿಂಗಳ ಹುಣ್ಣಿಮೆಯಂದು ಬುದ್ಧ ಜಯಂತಿ. ನಾವು ಬಲಿಪಾಡ್ಯಮಿಗೆ ಹಚ್ಚುವ ದೀಪಾವಳಿಯ ದೀಪವನ್ನು ಜೈನರು ಮಹಾವೀರನ ನಿರ್ವಾಣದ ನೆನಪಿಗೆ ಹಚ್ಚುತ್ತಾರೆ. ಒಂದೇ ಆಕಾಶವನ್ನು ನೋಡಿ ಎಷ್ಟು ಬಗೆಯಲ್ಲಿ ದಿನವೆಣಿಸಿದರೆಂಬುದನ್ನು ಅರಿತ ಬಾಲಕನು ಪರರ ಆಚರಣೆಯನ್ನು ಹೀಗಳೆಯಲಾರನು.

ಆದರೂ, “ನಮ್ಮ ನಿಷ್ಠೆ ಸಡಿಲವಾಗದೆ?” ಎಂಬ ಅಳುಕು ಉಳಿಯಬಹುದು. ಅದಕ್ಕೆ ತುಮಕೂರಿನ ಸಿದ್ಧಗಂಗೆಯತ್ತ ನೋಡಬೇಕು. 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಎಲ್ಲ ಜಾತಿ ಮತಗಳ ಮಕ್ಕಳನ್ನು ಕರೆದು ಅನ್ನ, ಆಶ್ರಯ, ಅಕ್ಷರಗಳನ್ನಿತ್ತರು. ಹತ್ತಾರು ವರ್ಷ ಅನ್ಯಮತದ ಮಕ್ಕಳ ನಡುವೆ ಬಾಳಿದ ಅವರ ಲಿಂಗನಿಷ್ಠೆಯು ಕಡೆಯ ದಿನದವರೆಗೂ ಅಚಲವಾಗಿಯೇ ಇದ್ದಿತು. ಬೇರು ಆಳವಾಗಿದ್ದ ಮರಕ್ಕೆ ಗಾಳಿಯ ಭಯವಿಲ್ಲ.

ಉಪಾಧ್ಯಾಯರು ಈ ಪಾಠವನ್ನು ಹಿತಮಿತವಾಗಿ ಮಾಡಲಿ. ಹಬ್ಬವನ್ನು ಆಚರಿಸುವ ಮನೆಯ ಮಗುವೇ ಅದರ ಬಗ್ಗೆ ಮೊದಲು ಮಾತನಾಡಲಿ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ತೂಗುವಿಕೆ ಬೇಡ. ಪಾಲಕರಾದ ನಾವಾದರೋ ನಮ್ಮ ಪಾಲಿನ ಕೆಲಸವನ್ನು ಶಾಲೆಯ ಮೇಲೆ ಹೊರಿಸದೆ, ಲಿಂಗಪೂಜೆಯನ್ನೂ ವಚನವನ್ನೂ ಮನೆಯಲ್ಲಿಯೇ ಕಲಿಸೋಣ. ತೂಬಗೆರೆ ಎಂಬ ಹೆಸರಿನಲ್ಲಿ ತೂಬೂ ಕೆರೆಯೂ ಎರಡೂ ಕಿವಿಗೆ ಬೀಳುತ್ತವೆ. ಕೆರೆ ತುಂಬಿದ್ದರೆ ತಾನೆ ತೂಬಿನಿಂದ ನೀರು ಹರಿದೀತು? ಮನೆಯಲ್ಲಿ ಕೆರೆ ತುಂಬಿಸುವ ಹೊಣೆ ನಮ್ಮದು; ಅಳತೆಯರಿತು ತೂಬೆತ್ತುವ ಹೊಣೆ ಗುರುಗಳದು.