ಕಾಡುಗೋಡಿಯ ರೈಲು ನಿಲ್ದಾಣ

ಇವತ್ತು ಬಿತ್ತನೆ, ಗೊಬ್ಬರದ ಮಾತು ಸ್ವಲ್ಪ ಬದಿಗಿರಲಿ. ಒಂದು ಸಣ್ಣ ರೈಲು ನಿಲ್ದಾಣದ ಕಥೆ ಹೇಳೋಣ. ರೈತನಿಗೂ ರೈಲಿಗೂ ಏನು ನಂಟು ಅಂತೀರಾ? ಪೂರ್ತಿ ಕೇಳಿ, ನಿಮಗೇ ತಿಳಿಯುತ್ತದೆ.

ಬೆಂಗಳೂರು ಸಿಟಿ ನಿಲ್ದಾಣದಿಂದ ಮೂಡಲಿಗೆ ಸುಮಾರು 24 ಕಿಲೋಮೀಟರು ಹೋದರೆ ಕಾಡುಗೋಡಿ. ಆದರೆ ಅಲ್ಲಿನ ನಿಲ್ದಾಣದ ಹಲಗೆಯ ಮೇಲೆ ಇರುವುದು ‘ವೈಟ್‌ಫೀಲ್ಡ್’ ಅಂತ. ಊರೊಂದು, ಹೆಸರೊಂದು! ಯಾಕೆ ಹೀಗೆ?

1864ರಲ್ಲಿ ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಕಂಬಿ ಹಾಕಿದರು. ಮೈಸೂರು ಸೀಮೆ ಕಂಡ ಮೊದಲ ರೈಲುದಾರಿ ಅದೇ. ಕಾಡುಗೋಡಿ ಇರುವುದು ಆ ದಾರಿಯ ಮೇಲೆ. ಮುಂದೆ 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಆ ಸುತ್ತಿನಲ್ಲಿ 3,900 ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಕೊಟ್ಟರು. ಅವರ ಮುಖಂಡ ಡಿ. ಎಸ್. ವೈಟ್. ನಮ್ಮ ಜನ ಸರ್ಕಾರಿ ನೌಕರಿಯನ್ನೇ ನಂಬಿ ಕೂರಬಾರದು, ಬೇಸಾಯ ಮಾಡಿ ಬಾಳಬೇಕು ಅನ್ನುವುದು ಅವರ ಆಸೆ. ಅವರ ಹೆಸರೇ ಊರಿಗಾಯಿತು, ನಿಲ್ದಾಣಕ್ಕೂ ಅಂಟಿತು. ಅಂದರೆ, ವೈಟ್‌ಫೀಲ್ಡ್ ಹುಟ್ಟಿದ್ದೇ ಒಕ್ಕಲುತನಕ್ಕಾಗಿ!

ಸುಮಾರು ನೂರು ವರ್ಷ ಅದು ಸಣ್ಣ ಊರಾಗಿಯೇ ಉಳಿಯಿತು. 1990ರ ದಶಕದಲ್ಲಿ ಕಂಪ್ಯೂಟರ್ ಕೆಲಸದ ಕಟ್ಟಡಗಳು ಎದ್ದವು. ಆಮೇಲೆ ಹೊಲ ನಿವೇಶನವಾಯಿತು, ತೋಟ ಬಡಾವಣೆಯಾಯಿತು.

ಅತ್ತ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಗಣಿಗೆಂದು 1894ರಲ್ಲಿ ಬಂಗಾರಪೇಟೆಯಿಂದ ಹಾಕಿದ್ದ ಕವಲು ದಾರಿ ಮಾತ್ರ ಉಳಿಯಿತು. ಕೆಲಸ ಕಳೆದುಕೊಂಡ ಮನೆಗಳ ಮಕ್ಕಳಿಗೆ ಆ ಕಂಬಿಯೇ ಅನ್ನದ ದಾರಿ. ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು, ನಿಂತೇ ಪ್ರಯಾಣ ಮಾಡಿ ಬೆಂಗಳೂರು ಕಡೆಗೆ ದುಡಿಯಲು ಬರುತ್ತಾರೆ. ರಾತ್ರಿ ಮನೆ ಸೇರುತ್ತಾರೆ. ರೈಲು ಒಂದು ಗಂಟೆ ತಡವಾದರೆ ಕೂಲಿಗೇ ಪೆಟ್ಟು.

2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೋ ಬಂತು. ಬೆಂಗಳೂರಿನ ಉಪನಗರ ರೈಲು ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಗಿದ್ದು, ಅದರಲ್ಲಿ ಕೆಂಗೇರಿ–ವೈಟ್‌ಫೀಲ್ಡ್ ದಾರಿಯೂ ಸೇರಿದೆ. ಅದಕ್ಕೆ ‘ಪಾರಿಜಾತ’ ಅಂತ ಹೆಸರಿಟ್ಟಿದ್ದಾರೆ.

ನೋಡಿದಿರಾ? ಕಂಬಿ ಒಂದೇ, ಒಬ್ಬನಿಗೆ ಅನ್ನ ತಂತು, ಇನ್ನೊಬ್ಬನ ಹೊಲದ ಮೇಲೆ ಕಟ್ಟಡ ತಂತು. ನಾಳೆ ನಿಮ್ಮೂರ ಪಕ್ಕಕ್ಕೂ ರೈಲು ಬರಬಹುದು. ಬರಲಿ, ಒಳ್ಳೆಯದೇ. ಆದರೆ ಅದಕ್ಕೆ ಮುಂಚೆ ಪಹಣಿ, ಖಾತೆ ಸರಿ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿದ್ದರೆ ಬರಹಕ್ಕಿಳಿಸಿ. ಯಾರೋ ನೋಟಿನ ಕಂತೆ ತೋರಿಸಿದರು ಅಂತ ಅವಸರದಲ್ಲಿ ರುಜು ಹಾಕಬೇಡಿ. ಮನೆಯ ಹೆಂಗಸರನ್ನೂ ಕೂರಿಸಿಕೊಂಡು ಮಾತಾಡಿ. ತಪ್ಪಿದ ರೈಲು ನಾಳೆ ಮತ್ತೆ ಬಂದೀತು. ಕೈಬಿಟ್ಟ ಹೊಲ ಬರುವುದಿಲ್ಲ.