ಔಷಧದ ಪರೀಕ್ಷೆ, ಪರೀಕ್ಷೆಯ ಚರಿತ್ರೆ

ನಿಮ್ಮ ಮನೆಯಲ್ಲಿ ಬಿ.ಫಾರ್ಮ. ಓದುತ್ತಿರುವ ಮಗನೋ ಮಗಳೋ ಇದ್ದರೆ ‘ಜಿಪ್ಯಾಟ್’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಔಷಧಶಾಸ್ತ್ರದ ಸ್ನಾತಕೋತ್ತರ ತರಗತಿ ಸೇರಬಯಸುವ ಪದವೀಧರರಿಗೆ ನಡೆಯುವ ಅಖಿಲ ಭಾರತ ಪರೀಕ್ಷೆ ಇದು. ಮೂರು ಗಂಟೆ, 125 ಪ್ರಶ್ನೆ, 500 ಅಂಕ. ಉತ್ತರ ಸರಿಯಾದರೆ ನಾಲ್ಕು ಅಂಕ. ತಪ್ಪಿದರೆ ಬಂದ ಅಂಕದಲ್ಲಿ ಒಂದು ಖೋತಾ. ಅಭ್ಯರ್ಥಿಗಳು ಹೆಸರು, ಇಸವಿ, ಸೂತ್ರಗಳನ್ನು ರಾತ್ರಿಯೆಲ್ಲ ಉರುಹಚ್ಚುತ್ತಾರೆ. ಅವೆಲ್ಲ ಎಲ್ಲಿಂದ ಬಂದವು ಎಂದು ಕೇಳುವವರು ವಿರಳ.

ನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಔಷಧ ಮಾರುವವನಿಗೆ ಇಂಥದೇ ವಿದ್ಯೆ ಬೇಕೆಂಬ ಕಟ್ಟು ಇರಲಿಲ್ಲ. ಮಲೇರಿಯಾ ಕಾಡುತ್ತಿದ್ದ ಕಾಲದಲ್ಲಿ ಕ್ವಿನೈನ್ ಮಾತ್ರೆಯೂ ಕಲಬೆರಕೆಯಾಗಿ ಬರುತ್ತಿತ್ತು. ದೂರು ಬೆಳೆದು, 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಔಷಧಕ್ಕೆ ಕಾಯಿದೆ ಬೇಕು, ಅದನ್ನು ಕೈಯಾಡಿಸುವವರಿಗೆ ಶಿಕ್ಷಣ ಬೇಕು ಎಂಬುದು ಸಮಿತಿಯ ಅಭಿಪ್ರಾಯ. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಈ ಪಾಠಕ್ಕೆ ನಾಂದಿ ಹಾಡಿದರು. 1937ರಲ್ಲಿ ಅಲ್ಲಿ ಮೂರು ವರ್ಷದ ಬಿ.ಫಾರ್ಮ. ಮೊದಲಾಯಿತು. 1940ರಲ್ಲಿ ಔಷಧ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ, ಮರುವರ್ಷವೇ ಫಾರ್ಮಸಿ ಪರಿಷತ್ತು ಬಂದವು. ಸ್ನಾತಕೋತ್ತರ ಪ್ರವೇಶಕ್ಕೆ ಮೊದಲು ಗೇಟ್ ಪರೀಕ್ಷೆಯಲ್ಲೇ ಔಷಧಶಾಸ್ತ್ರದ ಪತ್ರಿಕೆಯಿತ್ತು. 2010ರಿಂದ ಜಿಪ್ಯಾಟ್ ಬೇರೆಯಾಗಿ ನಡೆಯಿತು.

ಅಮೆರಿಕದ ಒಂದು ಪ್ರಸಂಗವನ್ನೂ ನೋಡಿ. 1937ರಲ್ಲಿ ಅಲ್ಲಿನ ಒಂದು ತಯಾರಕ ಸಂಸ್ಥೆ ಸಲ್ಫಾನಿಲಮೈಡನ್ನು ಸಿಹಿಯಾದ ಡೈಈಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿ ಮಾರಿತು. ಬಣ್ಣ, ರುಚಿ, ವಾಸನೆಗಳ ಪರೀಕ್ಷೆಯಾಗಿತ್ತು. ವಿಷದ ಪರೀಕ್ಷೆ ಆಗಿರಲಿಲ್ಲ. ನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಅವರಲ್ಲಿ ಮಕ್ಕಳು ಬಹಳ. ಮಾರುವ ಮುನ್ನ ಔಷಧ ನಿರಪಾಯವೆಂದು ತೋರಿಸಬೇಕೆಂಬ ಕಾಯಿದೆ 1938ರಲ್ಲಿ ಬಂದದ್ದು ಇದರಿಂದ. ಆದರೂ 1986ರಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಅದೇ ವಿಷ ಗ್ಲಿಸರಿನ್ನಿನಲ್ಲಿ ಬೆರೆತು 14 ರೋಗಿಗಳು ತೀರಿಕೊಂಡರು. ಕಲಿತ ಪಾಠವನ್ನು ಮರೆತದ್ದಕ್ಕೆ ತೆತ್ತ ಬೆಲೆ ಅದು.

ಇದನ್ನು ತಿಳಿದ ವಿದ್ಯಾರ್ಥಿಗೆ ದ್ರಾವಕಗಳ ಪಾಠ, ವಿಷಶಾಸ್ತ್ರ, ಕಾಯಿದೆ ಮೂರೂ ಒಂದೇ ಕಥೆಯ ಭಾಗಗಳಾಗಿ ನೆನಪಿನಲ್ಲಿ ನಿಲ್ಲುತ್ತವೆ. ಆದ್ದರಿಂದ ಅಭ್ಯಾಸದ ಕ್ರಮ ಹೀಗಿರಲಿ: ಪ್ರತಿಯೊಂದು ನಿಯಮ ಓದುವಾಗ ‘ಇದು ಬರುವ ಮುನ್ನ ಏನಾಗಿತ್ತು?’ ಎಂದು ಕೇಳಿಕೊಳ್ಳಬೇಕು. ಪ್ರಮಾಣದ ಲೆಕ್ಕಗಳನ್ನು ಕಾಗದದ ಮೇಲೆ ದಿನವೂ ಮಾಡಬೇಕು. ದಶಮಾಂಶದ ಚುಕ್ಕಿ ಒಂದು ಸ್ಥಾನ ಜರುಗಿದರೆ ಔಷಧ ಹತ್ತು ಪಟ್ಟಾದೀತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಬೇಕು. ತಿಳಿಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಧೈರ್ಯವೂ ಬೇಕು. ತಪ್ಪಿಗೆ ಅಂಕ ಕಳೆಯುವುದು ಕಠಿಣವೆಂದು ಮಕ್ಕಳು ಗೊಣಗಬಹುದು. ಔಷಧದ ಕಟ್ಟೆಯ ಹಿಂದೆ ನಿಂತವನು ಅಂದಾಜಿನ ಮೇಲೆ ಕೊಟ್ಟರೆ ಕಳೆಯುವುದು ಅಂಕವಲ್ಲ!

ತಂದೆತಾಯಿಗಳಾದ ನೀವೂ ಸಹಾಯ ಮಾಡಬಹುದು. ಊಟವಾದ ಮೇಲೆ ಮನೆಯಲ್ಲಿರುವ ಮಾತ್ರೆಯ ಪಟ್ಟಿಯೊಂದನ್ನು ತೋರಿಸಿ, ಅದರ ಮೇಲಿನ ಕೆಂಪು ಗೆರೆ ಏಕೆಂದು ಕೇಳಿ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬ ಸೂಚನೆ ಅದು. ಅದರ ಕಾರಣವನ್ನು ಅಜ್ಜಿಗೂ ಅರ್ಥವಾಗುವಂತೆ ಹೇಳಬಲ್ಲವರು ಪರೀಕ್ಷೆಗೆ ಅರ್ಧ ಸಿದ್ಧರಾದಂತೆಯೇ ಸರಿ.