ಸಿಗಲಿಲ್ಲವೋ, ಹುಡುಕಲೇ ಇಲ್ಲವೋ?

ಕಳೆದ ವರ್ಷ ನನ್ನ ಪ್ರಬಂಧದ ಒಂದು ಅಧ್ಯಾಯ ಅರ್ಧಕ್ಕೇ ಮುರಿದುಬಿತ್ತು. ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳಿಂದ ತೆಗೆದ ಪಠ್ಯದಲ್ಲಿ ‘ಕ್ಷಾಮ’ ಎಂಬ ಪದ ಯಾವ ವರ್ಷ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದೆ. ಒಂದು ವರ್ಷದ ಮುಂದೆ ಸೊನ್ನೆ ಬಂತು. ಹಿಂದಿನ ವರ್ಷ ಇದೆ, ಮುಂದಿನ ವರ್ಷ ಇದೆ, ನಡುವೆ ಒಂದು ಸಲವೂ ಇಲ್ಲ. ಸಂಶೋಧಕರಿಗೆ ಇಂಥ ಮೌನ ಸಿಕ್ಕರೆ ಹಬ್ಬ. ಸರ್ಕಾರದ ಒತ್ತಡವಿತ್ತೇ, ಸಂಪಾದಕರು ಹೆದರಿದರೇ ಎಂದೆಲ್ಲ ಹನ್ನೆರಡು ಪುಟ ಬರೆದೆ. ಆಮೇಲೆ ಗೊತ್ತಾಯಿತು, ಆ ವರ್ಷದ ಕಡತ ತೆರೆದೇ ಇರಲಿಲ್ಲ. ಬೇರೊಂದು ಕಂಪ್ಯೂಟರಿನಿಂದ ನಕಲು ಮಾಡುವಾಗ ಅದನ್ನು ಓದುವ ಅನುಮತಿ ತಪ್ಪಿಹೋಗಿತ್ತು.

ತಪ್ಪು ನನ್ನದೇ. ಆದರೂ ಯಂತ್ರ ಒಂದು ಮಾತು ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ಕೆದಕಿ ನೋಡಿದರೆ ಅದು ಹೇಳಿತ್ತು. ಬಾಯಿ ಮುಚ್ಚಿಸಿದವಳು ನಾನೇ. ಅಲ್ಲಿಂದ ಶುರುವಾದ ಓದು ಇದು.

ಕಮಾಂಡ್ ಲೈನಿನಲ್ಲಿ, ಅಂದರೆ ಕಪ್ಪು ಪರದೆಯ ಮೇಲೆ ಆದೇಶ ಟೈಪ್ ಮಾಡಿ ನಡೆಸುವ ಪ್ರೋಗ್ರಾಮುಗಳ ಲೋಕದಲ್ಲಿ, ಸೋಲನ್ನು ಎರಡು ದಾರಿಯಲ್ಲಿ ಹೇಳುವ ಪದ್ಧತಿ ಇದೆ. ಮನುಷ್ಯರಿಗೆ ಒಂದು ಸಾಲಿನ ಸಂದೇಶ. ಆ ಪ್ರೋಗ್ರಾಮನ್ನು ಕರೆದ ಇನ್ನೊಂದು ಪ್ರೋಗ್ರಾಮಿಗೆ ಒಂದು ಅಂಕಿ. ಆ ಅಂಕಿಯೇ ಎಕ್ಸಿಟ್ ಕೋಡ್: ಕೆಲಸ ಮುಗಿಸಿ ಹೊರಡುವಾಗ ಬಾಗಿಲಲ್ಲಿ ಇಟ್ಟುಹೋಗುವ ಚೀಟಿ. ಸೊನ್ನೆ ಎಂದರೆ ಎಲ್ಲ ಸರಿಯಾಯಿತು. ಉಳಿದ ಯಾವ ಅಂಕಿಯಾದರೂ ಏನೋ ಕೆಟ್ಟಿದೆ. (ಶೂನ್ಯ ಎಂದೊಡನೆ ನಮಗೆ ವಚನಕಾರರು ನೆನಪಾಗುತ್ತಾರೆ. ಇಲ್ಲಿ ಅಷ್ಟು ಆಳಕ್ಕೆ ಇಳಿಯಬೇಕಿಲ್ಲ. ಗೆಲ್ಲುವುದು ಒಂದೇ ಬಗೆ, ಸೋಲುವುದು ನೂರು ಬಗೆ. ಸೊನ್ನೆಯೊಂದನ್ನು ಗೆಲುವಿಗೆ ಕೊಟ್ಟರೆ ಉಳಿದ ಅಂಕಿಗಳೆಲ್ಲ ಸೋಲುಗಳಿಗೆ ಹೆಸರಿಡಲು ಸಿಗುತ್ತವೆ.)

ಈ ಯೋಚನೆ ಯೂನಿಕ್ಸ್‌ಗಿಂತ ಹಳೆಯದು. ಐಬಿಎಂ 1964ರಲ್ಲಿ ಘೋಷಿಸಿದ ಸಿಸ್ಟಂ/360ರಲ್ಲಿ ಪ್ರೋಗ್ರಾಮುಗಳು 0, 4, 8, 12, 16 ಎಂದು ನಾಲ್ಕರ ಮಗ್ಗಿಯಲ್ಲಿ ವರದಿ ಒಪ್ಪಿಸುತ್ತಿದ್ದವು. ಆ ಯಂತ್ರದಲ್ಲಿ ಮುಂದೆಲ್ಲಿಗೆ ಜಿಗಿಯಬೇಕೆಂಬ ಆದೇಶವೊಂದಕ್ಕೆ ನಾಲ್ಕು ಬೈಟ್ ಬೇಕು. ಕೋಡ್ ನಾಲ್ಕರ ಗುಣಕವಾಗಿದ್ದರೆ ಪಟ್ಟಿಯಲ್ಲಿ ಅಷ್ಟು ದೂರ ಸರಿದು ನೇರ ಜಿಗಿಯಬಹುದು. ಅಲ್ಲಿ 4 ಎಂದರೆ ‘ಕೆಲಸ ಆಯಿತು, ಆದರೂ ಒಮ್ಮೆ ನೋಡಿಕೊಳ್ಳಿ’ ಎಂಬ ಎಚ್ಚರಿಕೆ. ಇಂಥ ‘ಆಯಿತು, ಆದರೆ...’ ಎನ್ನುವ ಅಂಕಿ ಯೂನಿಕ್ಸ್‌ನಲ್ಲಿ ರೂಢಿಗೆ ಬರಲಿಲ್ಲ. ನನಗೆ ಅದು ನಷ್ಟ ಅನ್ನಿಸುತ್ತದೆ.

ನನ್ನ ಸೊನ್ನೆಯ ಕಥೆಗೆ ಬೇಕಾದದ್ದು ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಿಂದ ಕಟ್ಟುತ್ತ ಬಂದ ಯೂನಿಕ್ಸ್‌ಗೆ 1973ರಲ್ಲಿ ಪೈಪ್ ಸೇರಿತು. ತೋಟಕ್ಕೆ ನೀರು ಹಾಯಿಸುವ ಪೈಪುಗಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂದು ಡಗ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. ಒಂದು ಪ್ರೋಗ್ರಾಮು ಉಗುಳಿದ್ದನ್ನು ಮುಂದಿನದು ಕುಡಿಯುತ್ತದೆ. ಆದರೆ ಮೊದಲಿನದು ‘ಕಡತ ತೆರೆಯಲಾಗುತ್ತಿಲ್ಲ’ ಎಂದು ಗೊಣಗಿದರೆ ಆ ಗೊಣಗಾಟವೂ ಅದೇ ಪೈಪಿನಲ್ಲಿ ಹರಿದು ಮುಂದಿನದರ ಹೊಟ್ಟೆ ಸೇರುತ್ತಿತ್ತು.

ಇದು ಬದಲಾದ ಸಂದರ್ಭವನ್ನು ಅಲ್ಲಿಯೇ ಇದ್ದ ಸ್ಟೀಫನ್ ಜಾನ್ಸನ್ ನೆನಪಿಸಿಕೊಂಡಿದ್ದಾರೆ. ಪ್ರಯೋಗಾಲಯದಲ್ಲಿ ಒಂದು ಫೋಟೋಟೈಪ್‌ಸೆಟ್ಟರ್ ಇತ್ತು. ಅಕ್ಷರಗಳನ್ನು ಬೆಳಕಿನಿಂದ ಕಾಗದದ ಮೇಲೆ ಮೂಡಿಸುವ ಯಂತ್ರ. ಮುದ್ರಣಕ್ಕೆ ಕಳಿಸಿ, ಉದ್ದನೆಯ ಕಾಗದವನ್ನು ಕೆಟ್ಟ ವಾಸನೆಯ ಡೆವಲಪರ್‌ಗೆ ತೂರಿಸಿ, ಹಲವು ನಿಮಿಷ ಕಾದು ನೋಡಬೇಕು. ಒಂದು ಮಧ್ಯಾಹ್ನ ಹಲವರಿಗೆ ಒಂದೇ ಅನುಭವವಾಯಿತು. ಲೇಖನಕ್ಕಾಗಿ ಕಾದವರ ಕೈಗೆ ಬಂದದ್ದು ಇಂಥ ಕಡತ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು, ಅದೂ ಅತಿ ಅಂದವಾಗಿ ಅಚ್ಚಾಗಿ. ಎಲ್ಲರೂ ಗೊಣಗಿದರು, ಕೇಳಬೇಕಾದವರ ಕಿವಿಗೆ ಬಿತ್ತು, ಒಂದೆರಡು ದಿನಗಳಲ್ಲಿ ದೂರುಗಳಿಗೆಂದೇ ಬೇರೆ ಕಾಲುವೆ ತೋಡಲಾಯಿತು. ಅದಕ್ಕೆ ಸ್ಟ್ಯಾಂಡರ್ಡ್ ಎರರ್ ಎಂದು ಹೆಸರು. ಪೈಪಿನಲ್ಲಿ ನೀರು ಮಾತ್ರ ಹೋಗುತ್ತದೆ, ದೂರು ಪಕ್ಕದಿಂದ ಪರದೆಗೆ ಬರುತ್ತದೆ. ನಾನು ಮಾಡಿದ್ದೇನು? ಸಾವಿರಾರು ಕಡತಗಳ ಕೆಲಸದಲ್ಲಿ ಪರದೆಯ ತುಂಬ ಗೊಣಗಾಟ ಬೇಡವೆಂದು ಆ ಕಾಲುವೆಯನ್ನು ‘ಡೆವ್ ನಲ್’ಗೆ ತಿರುಗಿಸಿದ್ದೆ. ಏನು ಸುರಿದರೂ ಮರಳಿ ಬಾರದ ಹಾಳುಬಾವಿ ಅದು.

ಸಂದೇಶ ಹೋದರೂ ಅಂಕಿ ಉಳಿದಿರಬೇಕಲ್ಲ? ಉಳಿದಿತ್ತು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಬಂತು. ಅದರಲ್ಲಿ ‘ಇಫ್’ ಎಂದರೆ ಒಂದು ಪ್ರೋಗ್ರಾಮನ್ನು ನಡೆಸಿ ಅದರ ಚೀಟಿಯನ್ನು ಓದುವುದು. ಸೊನ್ನೆ ಇದ್ದರೆ ನಿಜ. ಅದೇ ಯೂನಿಕ್ಸ್‌ನ ಸಿ ಭಾಷೆಯಲ್ಲಿ ಸೊನ್ನೆ ಎಂದರೆ ಸುಳ್ಳು. ಒಂದೇ ಮನೆಯಲ್ಲಿ ಎರಡು ಸತ್ಯ. ಆ ಆವೃತ್ತಿಯಲ್ಲಿ ‘ಟ್ರೂ’ ಎಂಬ ಪ್ರೋಗ್ರಾಮು ಖಾಲಿ ಕಡತವಾಗಿತ್ತು. ಏನನ್ನೂ ಮಾಡದಿದ್ದರೆ ಏನೂ ಕೆಡುವುದಿಲ್ಲ, ಆದ್ದರಿಂದ ಗೆಲುವು!

ಚೀಟಿಯ ಗಾತ್ರವೂ ಆಗಲೇ ನಿಂತುಹೋಗಿತ್ತು. ಅಂದಿನ ಪಿಡಿಪಿ-11 ಯಂತ್ರದ ಪದ 16 ಬಿಟ್‌ಗಳದ್ದು. ಪ್ರೋಗ್ರಾಮು ಹೇಗೆ ಸತ್ತಿತು ಎಂಬುದಕ್ಕೆ ಅರ್ಧ, ಅದೇ ಹೇಳಿದ ಅಂಕಿಗೆ ಉಳಿದರ್ಧ. ಆದ್ದರಿಂದ ಇಂದಿಗೂ 0ಯಿಂದ 255ರವರೆಗಷ್ಟೇ ಜಾಗ. 256 ಎಂದರೆ ಸುತ್ತಿಬಂದು ಮತ್ತೆ ಸೊನ್ನೆ. ಎಷ್ಟು ತಪ್ಪುಗಳಾದವು ಎಂಬ ಲೆಕ್ಕವನ್ನೇ ಚೀಟಿಯಲ್ಲಿ ಬರೆಯುವ ಪ್ರೋಗ್ರಾಮು ಸರಿಯಾಗಿ 256 ತಪ್ಪು ಮಾಡಿದ ದಿನ ಗೆದ್ದೆ ಎಂದು ಸಾರುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ‘ಗ್ರೆಪ್’ ಬಗ್ಗೆ ಇರುವ ಒಂದು ಸಣ್ಣ ವಾಕ್ಯ. ಗ್ರೆಪ್ ಪಠ್ಯದಲ್ಲಿ ಪದ ಹುಡುಕುವ ಪ್ರೋಗ್ರಾಮು, ನಾನು ಬಳಸಿದ್ದೂ ಅದನ್ನೇ. ಪದ ಸಿಕ್ಕರೆ 0, ಸಿಗದಿದ್ದರೆ 1, ಕಡತವನ್ನೇ ಓದಲಾಗದಿದ್ದರೆ 2. ಇಲ್ಲ ಎನ್ನುವುದಕ್ಕೂ ನೋಡಲಾಗಲಿಲ್ಲ ಎನ್ನುವುದಕ್ಕೂ ಬೇರೆ ಬೇರೆ ಅಂಕಿ. ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಹೇಳಿಕೊಡಬೇಕಾದ ಭೇದ ಇದು. ದಾಖಲೆಯಲ್ಲಿ ಹೆಂಗಸರಿಲ್ಲ ಎಂದು ಬರೆಯುವವರು 1 ಹೇಳುತ್ತಿದ್ದಾರೋ 2 ಹೇಳುತ್ತಿದ್ದಾರೋ ಎಂದು ಈಗ ಓದುವಾಗಲೆಲ್ಲ ಅನುಮಾನ ಬರುತ್ತದೆ.

ಇನ್ನೂ ಸೂಕ್ಷ್ಮವಾಗಿ ಯೋಚಿಸಿದವರು ಅಂಚೆಯವರು. ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಮಿಂಚಂಚೆ ಸಾಗಿಸುವ ಪ್ರೋಗ್ರಾಮು ಬರೆಯುವಾಗ ಸೋಲುಗಳಿಗೆ 64ರಿಂದ 78ರವರೆಗೆ ಹೆಸರಿಟ್ಟರು. 67 ಎಂದರೆ ಆ ಹೆಸರಿನವರು ಇಲ್ಲಿಲ್ಲ. 75 ಎಂದರೆ ಈಗ ಆಗುತ್ತಿಲ್ಲ, ಆಮೇಲೆ ಬನ್ನಿ. ಕಾಗದವನ್ನು ಹಿಂದಿರುಗಿಸಬೇಕೋ ನಾಳೆ ಮತ್ತೆ ಒಯ್ಯಬೇಕೋ ಎಂಬುದು ಈ ಅಂಕಿಯ ಮೇಲೆ ನಿಂತಿದೆ. ಉಳಿದ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಈ ಪಟ್ಟಿಯನ್ನು ಗಣಿಸಲಿಲ್ಲ. 1 ಎಂದು ಗೀಚಿ ಹೊರಡುತ್ತವೆ.

ಹಾಗಾದರೆ ಗ್ರೆಪ್ ನನಗೆ 2 ಎಂದು ಹೇಳಿತೇ? ಇಲ್ಲ. ನಾನು ಮೂರು ಪ್ರೋಗ್ರಾಮುಗಳನ್ನು ಪೈಪಿನಿಂದ ಜೋಡಿಸಿದ್ದೆ: ಮೊದಲನೆಯದು ಕಡತ ಓದಿ ಕೊಡುವುದು, ಗ್ರೆಪ್ ಹುಡುಕುವುದು, ಕೊನೆಯದು ಎಣಿಸುವುದು. ಮೊದಲನೆಯದು ಸೋತಿತು. ಗ್ರೆಪ್‌ಗೆ ಖಾಲಿ ಪೈಪು ಸಿಕ್ಕಿತು. ಪಾಪ, ಅದು ಪ್ರಾಮಾಣಿಕವಾಗಿ 1 ಎಂದಿತು. ಕೊನೆಯದು ಬಂದ ಸಾಲುಗಳನ್ನು ಎಣಿಸಿ ಸೊನ್ನೆ ಎಂದು ಬರೆದು, ತನ್ನ ಕೆಲಸ ಸರಿಯಾಗಿ ಆಯಿತೆಂದು ಇನ್ನೊಂದು ಸೊನ್ನೆಯನ್ನು ಚೀಟಿಯಲ್ಲಿಟ್ಟಿತು. ಸಾಲಿನ ಕೊನೆಯವರ ಮಾತೇ ಇಡೀ ಸಾಲಿನ ಮಾತು ಎಂಬುದು ಪೈಪಿನ ನಿಯಮ. ಹಿಂದಿನವರ ಚೀಟಿಗಳನ್ನು ಯಾರೂ ಓದಲಿಲ್ಲ.

ಇದನ್ನು ಸರಿಪಡಿಸಲು ‘ಪೈಪ್‌ಫೇಲ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ನಡುವೆ ಯಾರು ಸೋತರೂ ಇಡೀ ಸಾಲು ಸೋತಂತೆ. ಬಹುಪಾಲು ಲಿನಕ್ಸ್‌ಗಳಲ್ಲಿರುವ ಬ್ಯಾಶ್ ಶೆಲ್‌ಗೆ ಅದು 2004ರಲ್ಲಿ ಬಂತು. ಎಲ್ಲ ಯೂನಿಕ್ಸ್‌ಗಳಿಗೂ ಅನ್ವಯಿಸುವ ಪಾಸಿಕ್ಸ್ ಮಾನದಂಡ ಅದನ್ನು ಒಪ್ಪಿದ್ದು 2024ರಲ್ಲಿ, ಪೈಪ್ ಹುಟ್ಟಿ 51 ವರ್ಷಗಳಾದ ಮೇಲೆ. ಇಂದಿಗೂ ಅದನ್ನು ಕೇಳಿ ಹಾಕಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ.

ಆ ಹನ್ನೆರಡು ಪುಟಗಳನ್ನು ಅಳಿಸಿದೆ. ಕಡತ ಓದಿಕೊಡುವ ಮಧ್ಯವರ್ತಿಯನ್ನು ತೆಗೆದು ಗ್ರೆಪ್ ಕೈಗೇ ಕಡತ ಕೊಟ್ಟೆ, ಪೈಪ್‌ಫೇಲ್ ಹಾಕಿದೆ, ಹಾಳುಬಾವಿಯ ದಾರಿ ಮುಚ್ಚಿದೆ. ಅನುಮತಿ ಸರಿಪಡಿಸಿದ ಮೇಲೆ ಆ ವರ್ಷದಲ್ಲೂ ಕ್ಷಾಮ ಇತ್ತು, ಅಕ್ಕಪಕ್ಕದ ವರ್ಷಗಳಷ್ಟೇ. ನನ್ನ ಕೋಷ್ಟಕದಲ್ಲಿ ಈಗ ಎಣಿಕೆಯ ಪಕ್ಕ ಇನ್ನೊಂದು ಕಾಲಂ ಇದೆ, ಅದರಲ್ಲಿ ಎಕ್ಸಿಟ್ ಕೋಡ್ ಬರೆಯುತ್ತೇನೆ. ಎರಡು ವರ್ಷಗಳ ಮುಂದೆ ಇನ್ನೂ 2 ಇದೆ. ಆ ಸಂಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಬೇಕು.